ಕೆಂಪನಂಜಪ್ಪನವರ ಹೊಲಕ್ಕೆ ಇಳಿದ ಪಾಪಸುಕಳ್ಳಿ

೧

ಪಾಪಸುಕಳ್ಳಿ ಒಣನೆಲದಲ್ಲಿ ಹೇಗೆ ಬದುಕುತ್ತದೆ ಎಂದು ಪಾಠದ ಹಾಗೆ ಶುರುಮಾಡಲೇ? ನೀವು ಪುಟ ಮಗುಚಿಬಿಡುತ್ತೀರಿ. ಜಗಳದಿಂದ? ಸರಿ, ಜಗಳವೇ ಇರಲಿ.

೧೯೬೪, ಹನೂರಿನ ಹತ್ತಿರದ ಅಜ್ಜೀಪುರ. ಕೆಂಪನಂಜಪ್ಪನವರ ಹೊಲಕ್ಕೂ ತೀರಿಹೋದ ತಮ್ಮನ ಹೆಂಡತಿ ಬಸವಮ್ಮನ ಹೊಲಕ್ಕೂ ನಡುವೆ ಪಾಪಸುಕಳ್ಳಿಯ ಬೇಲಿ. ಅದನ್ನು ತೆಗೆದುಬಿಟ್ಟರೆ ಉಳುವಾಗ ನೇಗಿಲನ್ನು ಒಂದಿಷ್ಟು ಆಚೆ ಸರಿಸಬಹುದು ಎಂದು ಕೆಂಪನಂಜಪ್ಪನವರಿಗೆ ಹೊಳೆಯಿತು. (ಮೊದಲ ಕರಡಿನಲ್ಲಿ ಇವರು ಸಜ್ಜನರಾಗಿದ್ದರು. ಕಥೆ ಮುಂದಕ್ಕೇ ಹೋಗಲಿಲ್ಲ. ಹರಿದುಹಾಕಿದೆ.)

೨

ಬೇಸಿಗೆಯಲ್ಲಿ ಬಸವಮ್ಮ ತವರಿಗೆ ಹೋಗಿದ್ದಾಗ ಅವರು ಬೇಲಿಯನ್ನು ಕಡಿಸಿ, ಒಣಗಿದ ಮೇಲೆ ಸುಡೋಣವೆಂದು ತುಂಡುಗಳನ್ನು ತಮ್ಮದೇ ಹೊಲದೊಳಗೆ ಉದ್ದಕ್ಕೂ ಸಾಲಾಗಿ ಎಸೆಸಿದರು.

ಕಳ್ಳಿ ಒಣಗಲಿಲ್ಲ. ದಪ್ಪ ಕಾಂಡದ ತುಂಬ ಕೂಡಿಟ್ಟ ನೀರು, ಮೇಲೆ ಮೇಣದಂಥ ತೊಗಲು, ನೀರು ಆರಿಹೋಗುವ ಎಲೆಯ ಬದಲು ಬರೀ ಮುಳ್ಳು. ಬೆಂಕಿ ಇಟ್ಟರೆ ಬುಸ್ಸೆಂದು ಹೊಗೆಯಾಡಿ ನಂದಿತು. ಆ ಮುಳ್ಳಿನ ಸಾಲಿಗೆ ಮತ್ತೆ ಕೈಹಾಕಲು ಆಳುಗಳು ಒಪ್ಪಲಿಲ್ಲ. ಮಳೆ ಬಿದ್ದದ್ದೇ ತಡ, ತುಂಡುತುಂಡೂ ಬೇರುಬಿಟ್ಟು ಅವರ ಹೊಲದೊಳಗೇ ಹೊಸ ಬೇಲಿಯಾಗಿ ಎದ್ದು ನಿಂತಿತು.

(ಪಾಠವನ್ನೂ ಸೇರಿಸಿಬಿಟ್ಟೆ. ನಿಮಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.)

೩

ತವರಿನಿಂದ ಬಂದ ಬಸವಮ್ಮ ಬೇಲಿಯನ್ನು ನೋಡಿದಳು. ಹೊಸ ಬೇಲಿಯವರೆಗೂ ಉಳುಮೆ ಮಾಡಿಸಿ ರಾಗಿ ಬಿತ್ತಿಸಿದಳು.

ತಮ್ಮ ನೆಲ ಒತ್ತಿಕೊಂಡಿದ್ದಾಳೆ ಎಂದು ಕೆಂಪನಂಜಪ್ಪನವರು ಊರ ಯಜಮಾನ ಸಿದ್ದಮಲ್ಲಪ್ಪನವರನ್ನು ಕರೆತಂದರು. ಬೇಲಿ ಮುಂಚೆ ಎಲ್ಲಿತ್ತು, ಅಲ್ಲಿಂದ ಕಡಿದವರು ಯಾರು ಎಂದು ಯಜಮಾನರು ಕೇಳಿದರು. ಉತ್ತರ ಹೇಳಿದರೆ ಕೆಂಪನಂಜಪ್ಪನವರು ತಾವೇ ಸಿಕ್ಕಿಬೀಳುತ್ತಿದ್ದರು. ಅವರು ಕೆಮ್ಮಿದರು.

ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ನನ್ನೇ ಯಾಕ್ ಸಾ ಇಂಗೆ ಸಿಗಾಕ್ಸಿದ್ರಿ?"

ನಾನು ಬರೆದದ್ದು ಕಡಿಸಿದ್ದನ್ನು ಮಾತ್ರ, ಬೇರುಬಿಟ್ಟದ್ದು ಕಳ್ಳಿಯ ಸ್ವಂತ ಕೆಲಸ ಎಂದೆ. ಅವರು ನಂಬಲಿಲ್ಲ.

೩ (ಮತ್ತೆ)

ಮುಕ್ತಾಯ ಒಂದು: ಅವರು ತಪ್ಪಾಯಿತು ಎನ್ನುತ್ತಾರೆ. ಕೇಳಿನೋಡಿದೆ, ಒಪ್ಪಲಿಲ್ಲ.

ಮುಕ್ತಾಯ ಎರಡು: ಬಸವಮ್ಮ ದೊಡ್ಡಮನಸ್ಸು ಮಾಡಿ ನೆಲ ಬಿಟ್ಟುಕೊಡುತ್ತಾಳೆ. ಅವಳು ಕಳೆ ಕೀಳುತ್ತಲೇ ಹೇಳಿದಳು: "ಬೇಕಾದ್ರೆ ನಿಮ್ ಒಲ ಬುಟ್ಕೊಡಿ ಸಾ."

ನನಗೆ ಹೊಲವಿಲ್ಲ.

೫

(ನಾಲ್ಕನೆಯದು ಕೊಳ್ಳೇಗಾಲದ ಕೋರ್ಟಿಗೆ ಹೋಗಿತ್ತು. ಇನ್ನೂ ಬಂದಿಲ್ಲ.)

ಒಂದು ಬೆಳಿಗ್ಗೆ ಕೆಂಪನಂಜಪ್ಪನವರು ಮಚ್ಚು ಹಿಡಿದು ಬೇಲಿಯ ಹತ್ತಿರ ಬಂದರು. ರಾಗಿ ತೆನೆ ಕಟ್ಟುತ್ತಿತ್ತು. ಬಸವಮ್ಮ ಅಡ್ಡ ಬರಲಿಲ್ಲ.

"ಕಡೀರಿ ಬಾವ," ಎಂದಳು. "ತುಂಡ ಈ ಸಲ ಎಲ್ಗ್ ಎಸೀತೀರಿ, ಅದ ಯೋಳಿ."

ಅವರು ತಮ್ಮ ಹೊಲದ ಕಡೆ ನೋಡಿದರು. ಅವಳ ಹೊಲದ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮಚ್ಚು ಎತ್ತಿದ್ದು ಎತ್ತಿದ ಹಾಗೇ ಇದೆ. ನಾನು ಪೆನ್ನಿನ ಮುಚ್ಚಳ ಹಾಕಿ ಹನೂರಿನ ಬಸ್ಸು ಹತ್ತಿದೆ.