ಮೊದಲ ರೊಟ್ಟಿಯ ಪರೀಕ್ಷೆ

ತಿರುಮಲೇಶನ ನಾಯಿ ಅಕ್ಕಿಯ ಚೀಲಕ್ಕೆ ಕಾಲೆತ್ತಿದ ದಿನವೇ ನಾಗಲಿಂಗಪ್ಪ ಅದನ್ನು ಒದ್ದು ಹೊರಗೆ ಹಾಕಬೇಕಿತ್ತು. ಹಾಕಲಿಲ್ಲ. ಅದರ ಮೈಮೇಲೆ ಫಳಫಳ ಹೊಳೆಯುವ ಹಳದಿ ಅಂಗಿ ಇತ್ತು. ಅಂಗಿಯ ಎರಡೂ ಮಗ್ಗುಲಿಗೆ ‘ಸರ್ವಿಸ್ ಡಾಗ್’ ಎಂದು ಕಪ್ಪು ದಾರದಲ್ಲಿ ಹೊಲಿದಿತ್ತು. ಇಂಡಿ ತಾಲೂಕಿನಿಂದ ಬಂದು ಲಂಡನ್ನಿನ ಟೂಟಿಂಗ್‌ನಲ್ಲಿ ಖಾನಾವಳಿ ಇಟ್ಟುಕೊಂಡಿದ್ದ ನಾಗಲಿಂಗಪ್ಪ ಯಾರಪ್ಪನಿಗೂ ಹೆದರಿದವನಲ್ಲ. ಆ ಅಂಗಿಗೆ ಮಾತ್ರ ಹೆದರಿದ.

ಹೆದರಲು ಕಾರಣವಿತ್ತು. ಖಾನಾವಳಿ ಶುರುವಾದ ವರ್ಷ ವೇಣುಗೋಪಾಲನೆಂಬ ಮೈಸೂರಿನ ಮನುಷ್ಯ ಒಂದು ಕಪ್ಪು ಲ್ಯಾಬ್ರಡಾರ್ ನಾಯಿಯ ಜೊತೆ ಸೀದಾ ಒಳಗೆ ಬಂದಿದ್ದ. ನಾಗಲಿಂಗಪ್ಪನ ತಲೆ ಸಿಡಿಯಿತು.

“ಅನ್ನ ಉಣ್ಣೂ ಜಾಗಾದಾಗ ನಾಯಿ ತರ್ತೀರೇನ್ರಿ? ನಡೀರಿ ಹೊರಗ” ಎಂದವನೇ ಕೊರಳಪಟ್ಟಿ ಹಿಡಿದು ದೂಡಿದ. ವೇಣುಗೋಪಾಲ ಫುಟ್‌ಪಾತಿನ ಮೇಲೆ ಮುಖ ಅಡಿಯಾಗಿ ಬಿದ್ದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಅದನ್ನು ಒರೆಸಿಕೊಳ್ಳದೆ ಎರಡೂ ಕೈಯಿಂದ ನೆಲ ತಡಕತೊಡಗಿದ. ನಾಯಿ ಬೊಗಳಲಿಲ್ಲ, ಕಚ್ಚಲಿಲ್ಲ. ತನ್ನ ಬೆನ್ನಿಗೆ ಕಟ್ಟಿದ್ದ ಹಿಡಿಕೆ ಅವನ ಕೈಗೆ ಸಿಗುವ ಹಾಗೆ ತಿರುಗಿ ನಿಂತಿತು. ಈ ಮನುಷ್ಯನಿಗೆ ಕಣ್ಣಿಲ್ಲ ಎಂಬುದು ನಾಗಲಿಂಗಪ್ಪನಿಗೆ ಹೊಳೆದದ್ದು ಆಗ.

ಕೌನ್ಸಿಲ್‌ನಿಂದ ಪತ್ರ ಬಂತು. ಇಂಥ ಕೆಲಸದ ನಾಯಿಯನ್ನು ಹೊರಗೆ ಹಾಕುವ ಹಾಗಿಲ್ಲ, ಇನ್ನೊಮ್ಮೆ ಹೀಗಾದರೆ ಕೋರ್ಟು ಎಂದಿತ್ತು. ಪತ್ರಕ್ಕಿಂತ ಆ ತಡಕಾಡುವ ಕೈಗಳೇ ಅವನನ್ನು ಸುಟ್ಟವು. ಎಣ್ಣೆಗಾಯಿ ರೊಟ್ಟಿ ಕಟ್ಟಿಸಿಕೊಂಡು ವೇಣುಗೋಪಾಲನ ಫ್ಲ್ಯಾಟಿಗೆ ಹೋಗಿ ಬಾಗಿಲಲ್ಲಿ ನಿಂತ. “ತಪ್ಪಾತ್ರಿ” ಎನ್ನಲು ಅರ್ಧ ತಾಸು ಹಿಡಿಯಿತು. ಅಂದಿನಿಂದ ಮೂಲೆಯ ಮೇಜು ವೇಣುಗೋಪಾಲನದಾಯಿತು.

ವೇಣುಗೋಪಾಲ ಒಂದು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ನಾಯಿಯ ಹೆಸರು ಬಾರ್ನಿ. ನಾಗಲಿಂಗಪ್ಪ ಅದನ್ನು ಬರಮಪ್ಪ ಎನ್ನುತ್ತಿದ್ದ. ಬಾರ್ನಿ ಸಿಗುವುದಕ್ಕೆ ಮೊದಲು ಎರಡು ವರ್ಷ ವೇಣುಗೋಪಾಲ ಯಾರಾದರೂ ಬಂದು ಕೈಹಿಡಿದರೆ ಉಂಟು, ಇಲ್ಲದಿದ್ದರೆ ಮನೆಯೊಳಗೇ. ಈ ನಾಯಿ ಹೋದರೆ ಕೆಲಸವೂ ಹೋಗುತ್ತದೆ ಎಂದು ಅವನೇ ಹೇಳಿದ್ದ.

ಹಂಚಿನಿಂದ ತೆಗೆದ ಮೊದಲ ರೊಟ್ಟಿ ನಾಯಿಗೆ. ಅದು ನಾಗಲಿಂಗಪ್ಪನ ಮನೆಯಲ್ಲಿ ಅವ್ವನ ಕಾಲದಿಂದ ನಡೆದುಬಂದ ಪದ್ಧತಿ. ಲಂಡನ್ನಿನಲ್ಲಿ ಬೀದಿನಾಯಿಯೇ ಇಲ್ಲದೆ ಅದನ್ನು ಹಿತ್ತಲ ಪಾರಿವಾಳಕ್ಕೆ ಹಾಕುತ್ತಿದ್ದವನು ಈಗ ಬಾರ್ನಿಯ ಮುಂದೆ ಹಿಡಿದ. ಬಾರ್ನಿ ಮೂಸಿಯೂ ನೋಡಲಿಲ್ಲ.

“ಡ್ಯೂಟಿಲಿದ್ದಾನೆ, ಕೊಡಬೇಡಿ. ಹೊರಗೆ ಏನಾದ್ರೂ ತಿನ್ನೋದು ಕಲಿತ ಅಂದ್ರೆ ನಾಳೆ ಚಿಪ್ಸ್ ಹಿಂದೆ ಹೋಗಿ ನನ್ನನ್ನ ಬಸ್ ಕೆಳಗೆ ಹಾಕ್ತಾನೆ” ಎಂದು ವೇಣುಗೋಪಾಲ ನಕ್ಕ. ಅಂದಿನಿಂದ ಮೊದಲ ರೊಟ್ಟಿ ಕಾಗದದಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋಗುತ್ತಿತ್ತು.

ಹೀಗಿರುವಾಗ, ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ, ಹ್ಯಾರೋದ ಇನ್ಶೂರೆನ್ಸ್ ಏಜೆಂಟ್ ತಿರುಮಲೇಶ ತನ್ನ ಆಲ್ಸೇಶಿಯನ್ ನಾಯಿ ಟೈಗರ್‌ನ ಜೊತೆ ಪ್ರತಿ ಶನಿವಾರ ಊಟಕ್ಕೆ ಬರತೊಡಗಿದ. ಟೈಗರ್ ಪಕ್ಕದ ಮೇಜಿನವರ ತೊಡೆಗೆ ಮೂಗು ಹಾಕುತ್ತಿತ್ತು. ಮಕ್ಕಳನ್ನು ಕಂಡರೆ ಗುರ್ ಎನ್ನುತ್ತಿತ್ತು.

“ಅದು ಕೆಲಸದ ನಾಯಿ ಅಲ್ರೀ. ಅಂಗಿ ಹಾಕ್ಕೊಂಡ್ ಬಂದ ಪುಂಡ ಐತಿ” ಎಂದಳು ಹೆಂಡತಿ ಸುಶೀಲಾಬಾಯಿ.

ಮೂರನೇ ಶನಿವಾರ ನಾಗಲಿಂಗಪ್ಪ ಕೇಳಿಯೇಬಿಟ್ಟ. “ತಿರುಮಲೇಶ ಅವರ, ನಿಮ್ಮ ಕಣ್ಣು ಚೊಲೋ ಅದಾವ, ಕಿವಿ ಚೊಲೋ ಅದಾವ. ಈ ನಾಯಿ ನಿಮಗೇನ್ ಕೆಲಸಾ ಮಾಡ್ತೈತಿ?”

ತಿರುಮಲೇಶ ಬೆರಳು ನೆಕ್ಕಿಕೊಂಡ. “ನನಗೆ ಟೆನ್ಷನ್ ಇದೆ, ಅದಕ್ಕೆ. ಹಾಗೆಲ್ಲ ಕೇಳಬಾರ್ದು ಗುರೂ. ಕೌನ್ಸಿಲ್ ಲೆಟರ್ ನೆನಪಿದೆ ತಾನೆ? ಊರಿಗೆಲ್ಲ ಗೊತ್ತು ನಿಮ್ಮ ಕಥೆ.”

ಮೂಲೆಯಲ್ಲಿ ವೇಣುಗೋಪಾಲ ಉಣ್ಣುವುದನ್ನು ನಿಲ್ಲಿಸಿದ. ಅವನ ಕಾಲ ಬಳಿ ಬಾರ್ನಿ ಗದ್ದವನ್ನು ನೆಲಕ್ಕೂರಿ ಮಲಗಿತ್ತು.

ನಾಗಲಿಂಗಪ್ಪನ ಕಿವಿ ಕಾದವು. ಬಾಯಲ್ಲಿ ಕೇಳುವ ಹಾಗಿಲ್ಲವಾದರೆ ಬೇಡ, ನಾಯಿಯನ್ನೇ ಕೇಳುತ್ತೇನೆ ಎಂದುಕೊಂಡ. ಒಳಗೆ ಹೋಗಿ ಅಂದಿನ ಮೊದಲ ರೊಟ್ಟಿ ತಂದ. ಕೆಲಸದ ನಾಯಿ ಡ್ಯೂಟಿಯಲ್ಲಿ ತಿನ್ನುವುದಿಲ್ಲ. ತಿಂದರೆ ಸುಳ್ಳು ನಾಯಿ. ಇಡೀ ಖಾನಾವಳಿಯ ಎದುರು ತೀರ್ಮಾನವಾಗಲಿ. “ನೋಡ್ರಿ ಎಲ್ಲಾರೂ” ಎಂದು ರೊಟ್ಟಿಯನ್ನು ಟೈಗರ್‌ನ ಮೂಗಿನ ಮುಂದೆ ಹಿಡಿದ.

ಟೈಗರ್ ರೊಟ್ಟಿಯ ಜೊತೆ ಅವನ ಕೈಯನ್ನೂ ಕಚ್ಚಿತು. ಹಲ್ಲು ಹಸ್ತದೊಳಗೆ ಇಳಿದದ್ದು ಅವನಿಗೆ ಗೊತ್ತಾಯಿತು. ನೋವಿಗೆ ಕೈ ಕೊಡವಿದ. ಚರ್ಮ ಕಿತ್ತುಬಂತು. ಅರ್ಧ ರೊಟ್ಟಿ ಹಾರಿ ಮೂಲೆಯಲ್ಲಿ ಬಾರ್ನಿಯ ಮುಂಗಾಲ ಬಳಿ ಬಿತ್ತು.

ಬಾರ್ನಿ ಅದನ್ನು ನೋಡಲಿಲ್ಲ. ಆದರೆ ಟೈಗರ್ ಮೇಜು ಉರುಳಿಸಿಕೊಂಡು ಹಾರಿತು. ತಿರುಮಲೇಶನ ಕೈಯಿಂದ ಹಗ್ಗ ಕಿತ್ತುಹೋಯಿತು. ಬಾರ್ನಿ ಏಳುವಷ್ಟರಲ್ಲಿ ಟೈಗರ್ ಅದರ ಕುತ್ತಿಗೆಗೆ ಬಾಯಿ ಹಾಕಿ ಜಾಡಿಸತೊಡಗಿತ್ತು. ಬೆನ್ನಿನ ಹಿಡಿಕೆ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತ್ತು. ಬಾರ್ನಿಗೆ ಓಡಲೂ ಆಗದು, ತಿರುಗಲೂ ಆಗದು. ಅದರ ಕೂಗು ಮಗುವಿನ ಕೂಗಿನಂತಿತ್ತು.

“ಯಾರು? ಏನಾಗ್ತಿದೆ? ಬಾರ್ನಿ” ಎನ್ನುತ್ತ ವೇಣುಗೋಪಾಲ ಹಗ್ಗ ಬಿಡದೆ ಎರಡು ನಾಯಿಗಳ ನಡುವೆಯೇ ಕೈ ಹಾಕಿದ. ಸಾರಿನ ಬಟ್ಟಲು, ಗಾಜು, ರಕ್ತ ಎಲ್ಲದರ ಮೇಲೆ ಮೊಣಕಾಲೂರಿದ. ಟೈಗರ್ ಅವನ ಮುಂಗೈಯನ್ನೂ ಸೀಳಿತು.

ನಾಗಲಿಂಗಪ್ಪ ಕಬ್ಬಿಣದ ಕುರ್ಚಿ ಎತ್ತಿ ಟೈಗರ್‌ನ ಪಕ್ಕೆಗೆ ಹೊಡೆದ. ಬಿಡಲಿಲ್ಲ. ಇನ್ನೊಮ್ಮೆ ಹೊಡೆದ, ಎಲುಬು ಮುರಿದ ಸದ್ದು ಬಂತು, ಆದರೂ ಬಿಡಲಿಲ್ಲ. ಕುರ್ಚಿ ಎಸೆದು ನಾಯಿಯ ಮೇಲೆ ಕಾಲು ಹಾಕಿ ಕೂತು, ಕೊರಳ ಪಟ್ಟಿಯೊಳಗೆ ಬೆರಳು ತೂರಿಸಿ, ಒಗೆದ ಬಟ್ಟೆ ಹಿಂಡುವಂತೆ ತಿರುವಿದ. ಟೈಗರ್‌ನ ನಾಲಿಗೆ ಹೊರಬಂತು. ದವಡೆ ಸಡಿಲವಾಯಿತು. ಬಾರ್ನಿ ಕಳಚಿಕೊಂಡು ಗೋಡೆಗೆ ಒರಗಿ ನಡುಗಿತು. ನಾಗಲಿಂಗಪ್ಪ ಟೈಗರ್‌ನನ್ನು ಎಳೆದೊಯ್ದು ಹಿತ್ತಲಿಗೆ ತಳ್ಳಿ ಬಾಗಿಲು ಹಾಕಿದ. ಅವನ ಕೈಯಲ್ಲಿ ಹಳದಿ ಅಂಗಿ ಹರಿದು ಉಳಿದಿತ್ತು. ಒಳಮಗ್ಗುಲಿಗೆ ರಸ್ತೆ ಅಗೆಯುವ ಕಂಪನಿಯೊಂದರ ಹೆಸರು. ರಸ್ತೆ ಕೆಲಸದವರ ಅಂಗಿ ಕತ್ತರಿಸಿ ಹೊಲಿದದ್ದು.

“ಇದನ್ಯಾರ್ ಹೊಲದ್ರು?” ಎಂದ.

“ವೇದಾ... ನನ್ನ ಹೆಂಡತಿ. ಹೋಟೆಲಲ್ಲಿ, ಅಂಗಡೀಲಿ ಒಳಗೆ ಬಿಡ್ಲಿ ಅಂತ ಅಷ್ಟೆ. ಕಾರಲ್ಲಿ ಬಿಟ್ಟುಬಂದ್ರೆ ಅದು ಅಳುತ್ತೆ” ಎಂದ ತಿರುಮಲೇಶ.

ನಾಗಲಿಂಗಪ್ಪ ಅವನ ಮೂಗಿಗೆ ಗುದ್ದಿದ. ಬಿದ್ದ ಮೇಲೂ ಗುದ್ದಿದ. ಗುದ್ದಿದ್ದು ಕಚ್ಚಿಸಿಕೊಂಡ ಕೈಯಿಂದಲೇ. ಯಾರ ರಕ್ತ ಯಾವುದೆಂದು ತಿಳಿಯದಂತಾಯಿತು. ಸುಶೀಲಾಬಾಯಿ ಹಿಂದಿನಿಂದ ತಬ್ಬಿ ಎಳೆದಾಗಲೇ ಬಿಟ್ಟದ್ದು.

ಪೊಲೀಸರು ಬಂದರು. ತಿರುಮಲೇಶ ಒಡೆದ ಮೂಗಿಗೆ ಬಟ್ಟೆ ಒತ್ತಿಕೊಂಡು, ಮೊದಲು ಎರಗಿದ್ದು ಕುರುಡನ ನಾಯಿಯೇ ಎಂದ. ವೇಣುಗೋಪಾಲ ಏನೂ ಕಂಡಿರಲಿಲ್ಲ. ಆ ಮಾತೇ ನಿಜವೆಂದಾದರೆ, ಬಾರ್ನಿ ಬದುಕಿದರೂ ಕಚ್ಚುವ ನಾಯಿಯೆಂದು ಅವನಿಂದ ಕಿತ್ತುಕೊಳ್ಳುತ್ತಾರೆ.

“ಸುಳ್ಳು” ಎಂದ ನಾಗಲಿಂಗಪ್ಪ. “ಬರಮಪ್ಪ ಬಾಯಿ ತೆಗೀಲಿಲ್ಲ. ಆ ನಾಯಿಗೆ ರೊಟ್ಟಿ ಒಡ್ಡಿದಾಂವ ನಾನು. ಪರೀಕ್ಷಾ ಮಾಡಾಕ ಹೋದೆ. ಈ ಮನಶ್ಯಾನ ಹೊಡೆದಾಂವನೂ ನಾನಽ. ಬರ್ಕೊಳ್ರಿ.”

ವೇಣುಗೋಪಾಲ ಸೀಳಿದ ಕೈಯನ್ನು ಎದೆಗೆ ಹಿಡಿದು ಕುಳಿತಿದ್ದ. ಅವನ ಮುಖ ಆ ದನಿಯತ್ತ ತಿರುಗಿತು.

ಬಾರ್ನಿ ಉಳಿಯಿತು. ಆದರೆ ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ ಉಚ್ಚೆ ಹೊಯ್ದುಕೊಂಡು ಕುಸಿದು ಕೂರುತ್ತಿತ್ತು. ಅದನ್ನು ಕೊಟ್ಟ ಸಂಸ್ಥೆಯವರು ಬಂದು ನೋಡಿ, ಬೆನ್ನಿನ ಹಿಡಿಕೆ ಬಿಚ್ಚಿಕೊಂಡು ಹೋದರು. ಹೊಸ ನಾಯಿಗೆ ಒಂದು ವರ್ಷವಾದರೂ ಕಾಯಬೇಕು ಎಂದರು.

ಅವರು ಬಂದುಹೋದ ಮರುದಿನ ಬೆಳಿಗ್ಗೆ ಏಳಕ್ಕೆ ನಾಗಲಿಂಗಪ್ಪ ವೇಣುಗೋಪಾಲನ ಬಾಗಿಲು ತಟ್ಟಿದ.

“ರೊಟ್ಟಿ ತಂದಿದ್ರೆ ವಾಪಸ್ ತಗೊಂಡ್ಹೋಗಿ” ಎಂದಿತು ಒಳಗಿನ ದನಿ.

“ಬರಿಗೈಲೆ ಬಂದೀನ್ರಿ. ಡ್ಯೂಟಿಗೆ ಹೊತ್ತಾಗ್ತೈತಿ, ನಡೀರಿ.”

ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಕೋಟು ಹಾಕಿಕೊಂಡು ಬಂದ ವೇಣುಗೋಪಾಲ ತಡಕಿ, ಬ್ಯಾಂಡೇಜಿನ ಮೇಲೆಯೇ ನಾಗಲಿಂಗಪ್ಪನ ಕೈ ಹಿಡಿದ. ಗಟ್ಟಿಯಾಗಿಯೇ ಹಿಡಿದ. ನೋವಾಯಿತು, ನಾಗಲಿಂಗಪ್ಪ ಹಲ್ಲು ಕಚ್ಚಿದ.

“ಎಡಗಡೆ ಬನ್ನಿ. ಫುಟ್‌ಪಾತ್ ಮುಗಿದ ಕಡೆ ನಿಲ್ಲಬೇಕು. ಎಳೀಬಾರ್ದು.”

“ಆತ್ರಿ.”

ಸ್ಟೇಷನ್ನಿನ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಮೈಮೇಲೆ ಬಂದಂತೆ ಬಂದು, ಅವರಿಗೇ ಬೈದು ಹೋದ. ನಾಗಲಿಂಗಪ್ಪನ ಮುಷ್ಟಿ ಬಿಗಿಯಿತು, ಕಾಲು ಅತ್ತ ತಿರುಗಿತು.

“ಡ್ಯೂಟಿಲಿದ್ದೀರಿ” ಎಂದ ವೇಣುಗೋಪಾಲ.

ನಾಗಲಿಂಗಪ್ಪ ಬಾಯಿ ಮುಚ್ಚಿದ. ಫುಟ್‌ಪಾತ್ ಮುಗಿದಿತ್ತು. ನಿಂತ.