ಎಸೆದ ಗಿಡದ ಮರಿಗಳು

ಹಲ್ಲಿನ ಕ್ಲಿನಿಕ್ಕಿನಿಂದ ಹಿಡಿದು ವಿಮಾ ಕಚೇರಿಯವರೆಗೆ ಎಲ್ಲರೂ ಅವಳನ್ನು ಗಿಡದಕ್ಕ ಎಂದೇ ಕರೆಯುತ್ತಿದ್ದರು. ಕಚೇರಿಗಳಿಗೆ ಹೂಗಿಡಗಳನ್ನು ಬಾಡಿಗೆಗೆ ಕೊಡುವ ಕಂಟ್ರಾಕ್ಟರನ ಬಳಿ ಅವಳಿಗೆ ಹದಿನಾಲ್ಕು ವರ್ಷಗಳ ಕೆಲಸ. ನೀರು ಹಾಕುವುದು, ಎಲೆ ಒರೆಸುವುದು, ಹೂ ಬಾಡಿದ ಗಿಡವನ್ನು ಕಸಕ್ಕೆಸೆದು ಅದರ ಜಾಗದಲ್ಲಿ ಹೊಸದನ್ನು ಇಡುವುದು. ಬೇರೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದವಳು ಎಸೆಯುವ ಮಾತಿಗೆ ಮಾತ್ರ ಸೊಪ್ಪು ಹಾಕುತ್ತಿರಲಿಲ್ಲ.

ಅದರಲ್ಲೂ ಬ್ರೊಮೀಲಿಯಾಡ್ ಗಿಡಗಳ ವಿಷಯದಲ್ಲಿ. ಆ ಹೆಸರಿಗೆ ನಾಲಿಗೆ ಹೊರಳದೆ ಅವಳು ಅದನ್ನು ಬಿಂದಿಗೆ ಗಿಡ ಎನ್ನುತ್ತಿದ್ದಳು. ಎಲೆಗಳೆಲ್ಲ ಬುಡದಲ್ಲಿ ಒತ್ತಾಗಿ ಸೇರಿ ನಡುವೆ ಒಂದು ಬಟ್ಟಲಾಗುತ್ತದೆ. ನೀರು ಹಾಕಬೇಕಾದದ್ದು ಅಲ್ಲಿಗೇ, ಬೇರು ನೆಪಮಾತ್ರ. ಜನ್ಮಕ್ಕೆ ಒಂದೇ ಸಲ ಹೂ ಬಿಡುತ್ತದೆ, ಕೆಂಪಗೆ, ತಿಂಗಳುಗಟ್ಟಲೆ. ಆಮೇಲೆ ತಾಯಿಗಿಡ ವರ್ಷವೋ ಎರಡು ವರ್ಷವೋ ನಿಧಾನವಾಗಿ ಸಾಯುತ್ತಾ ಬುಡದಲ್ಲಿ ಮರಿ ಹಾಕುತ್ತದೆ. ಕಂಟ್ರಾಕ್ಟರನಿಗೆ ಇದು ಗೊತ್ತೇ ಇರಲಿಲ್ಲ. ಅವನು ಗಿಡ ಬೆಳೆಸಿದವನಲ್ಲ, ಸಾಗಿಸಿದವನು. ಹೂವಿದ್ದದ್ದು ವ್ಯಾನಿನಲ್ಲಿ ಬರುತ್ತಿತ್ತು, ಹೂ ಹೋದದ್ದು ಕಸದ ಡಬ್ಬಿಗೆ ಹೋಗುತ್ತಿತ್ತು, ನಡುವೆ ಏನಾಗುತ್ತದೆಂದು ಅವನು ಬಗ್ಗಿ ನೋಡಿದವನೇ ಅಲ್ಲ.

ಅವಳು ಮೂರು ವರ್ಷಗಳಿಂದ ಅವನ್ನೆಲ್ಲ ಮನೆಗೆ ಹೊರುತ್ತಿದ್ದಳು. ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ಬಚ್ಚಲ ಕಿಟಕಿ, ಮೆಟ್ಟಿಲ ತಿರುವು, ಫ್ರಿಜ್ಜಿನ ತಲೆ, ಎಲ್ಲೆಲ್ಲೂ ಬಿಂದಿಗೆ ಗಿಡ.

"ಅಮ್ಮಾ, ಈ ಮನೇಲಿ ಬಾಡಿಗೆಗಿರೋದು ನಾವೋ, ಇವೋ?" ಎಂದು ಮಗಳು ಹಲ್ಲುಜ್ಜುವಾಗಲೆಲ್ಲ ಗೊಣಗುತ್ತಿದ್ದಳು.

ಗುಟ್ಟು ರಟ್ಟಾದದ್ದು ಕ್ಲಿನಿಕ್ಕಿನ ರಿಸೆಪ್ಷನ್ನಿನವಳಿಂದ. ಗಿಡದಕ್ಕ ಕೊಟ್ಟ ಮರಿಯೊಂದನ್ನು ಅವಳು ಕಂಟ್ರಾಕ್ಟರನಿಗೇ ತೋರಿಸಿ ಹೊಗಳಿಬಿಟ್ಟಳು. ಮಾರನೆಯ ದಿನವೇ ಕರೆ ಬಂತು.

"ಏನಮ್ಮಾ, ನನ್ನ ಗಿಡ ಎಲ್ಲಾ ಮನೆಗೆ ಸಾಗಿಸಿದ್ದೀಯಂತೆ?"

"ನೀವು ಎಸೆ ಅಂದಿದ್ದನ್ನ ಎತ್ಕೊಂಡೆ ಸಾರ್."

"ಎಸೆಯೋಕೆ ಹೇಳಿದ್ದು, ಸಾಕೋಕಲ್ಲ. ಭಾನುವಾರ ವ್ಯಾನ್ ತರ್ತೀನಿ. ನಂದು ಒಂದು ಉಳಿದ್ರೂ ಸೋಮವಾರದಿಂದ ನಿನಗೆ ಕೆಲಸ ಇಲ್ಲ."

ಕಳ್ಳಿ ಎಂಬ ಮಾತನ್ನು ಅವನು ಆಡಲಿಲ್ಲ, ಆದರೂ ಆಡಿದಂತೆಯೇ ಆಯಿತು. ಅವಳಿಗೆ ಮೈಯೆಲ್ಲ ಉರಿಯಿತು.

"ಕೊಟ್ಬಿಡಮ್ಮಾ," ಎಂದಳು ಮಗಳು. "ಐವತ್ತಾರು ವಯಸ್ಸಿಗೆ ನಿನಗೆ ಬೇರೆ ಕೆಲಸ ಯಾರು ಕೊಡ್ತಾರೆ?"

"ಅವನೂ ಅದನ್ನೇ ನೆಚ್ಕೊಂಡಿರೋದು."

ಭಾನುವಾರ ಬೆಳಗ್ಗೆ ಅವಳು ಬ್ರೆಡ್ ಕೊಯ್ಯುವ ಚಾಕುವನ್ನು ಚೆನ್ನಾಗಿ ತೊಳೆದು ಕೂತಳು. ತಾಯಿಯ ಅರ್ಧದಷ್ಟು ಬೆಳೆದ ಮರಿಗಳನ್ನೆಲ್ಲ ಬುಡದಲ್ಲಿ ಬಿಡಿಸಿ ಹಳೆಯ ಪೇಂಟ್ ಡಬ್ಬಿಗಳಲ್ಲಿ ನೆಟ್ಟಳು. ಉಳಿದದ್ದು ಒಂದೇ, ಪಟ್ಟೆ ಎಲೆಯದು. ಅಂಥದ್ದು ಅವಳ ಕೈಗೆ ಸಿಕ್ಕಿದ್ದು ಅದೊಂದೇ. ಅದರ ಒಂದೇ ಒಂದು ಮರಿ ಇನ್ನೂ ನಾಲ್ಕು ಬೆರಳೆತ್ತರ.

"ಅದನ್ನೂ ಕತ್ತರಿಸು, ಅವನು ಬರ್ತಾನೆ," ಎಂದು ಮಗಳು ಅವಸರಪಡಿಸಿದಳು.

"ಈಗ ಕತ್ತರಿಸಿದ್ರೆ ಬದುಕಲ್ಲ. ತಾಯಿ ಹತ್ರಾನೇ ಇರಬೇಕು."

ಕಂಟ್ರಾಕ್ಟರ್ ಏದುಸಿರು ಬಿಡುತ್ತಾ ಮೇಲೆ ಬಂದ. ಅವಳು ಮೆಟ್ಟಿಲುದ್ದಕ್ಕೂ ಸಾಲಾಗಿಟ್ಟ ತಾಯಿಗಿಡಗಳನ್ನು ತೋರಿಸಿದಳು. "ನಿಮ್ಮವು ಇವು. ತಗೊಳ್ಳಿ."

"ಡಬ್ಬೀಲಿರೋವು?"

"ನನ್ನ ಮನೇಲಿ ಹುಟ್ಟಿದ್ದು."

ಅವನು ಮೂಗು ಮುರಿದ. "ಆ ಚಿಳ್ಳೆಪಿಳ್ಳೆ ಯಾರಿಗೆ ಬೇಕು? ಇವು ನೋಡು, ಎಷ್ಟು ದಷ್ಟಪುಷ್ಟವಾಗಿವೆ. ಮತ್ತೆ ಯಾವಾಗ ಹೂ ಬಿಡುತ್ವೆ?"

"ಇನ್ನು ಬಿಡಲ್ಲ ಸಾರ್. ಜನ್ಮಕ್ಕೆ ಒಂದೇ ಸಲ."

"ನನ್ನ ಕಿವಿ ಮೇಲೆ ಹೂ ಇಡಬೇಡ!" ಎಂದು ಅವನು ಜೋರಾಗಿ ನಕ್ಕ. ಗಿಡಗಳನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆಂದು ಅವನ ಲೆಕ್ಕ. ಎಲ್ಲವನ್ನೂ ಕೆಳಗೆ ಹೊರಿಸಿದ. ಕೊನೆಗೆ ಅವನ ಕಣ್ಣು ಅವಳ ಮಡಿಲಲ್ಲಿದ್ದ ಪಟ್ಟೆ ಗಿಡದ ಮೇಲೆ ಬಿತ್ತು.

"ಅದೂ ಕೊಡು. ಕುಂಡದ ಮೇಲೆ ನನ್ನ ಸ್ಟಿಕ್ಕರ್ ಇದೆ."

ಅವಳು ಸ್ಟಿಕ್ಕರ್ ನೋಡಿದಳು. ಮಗಳ ಮುಖ ನೋಡಿದಳು. ಆಮೇಲೆ ಗಿಡದ ಕತ್ತು ಹಿಡಿದು ಮರಿಸಮೇತ ಒಂದೇ ಸಲಕ್ಕೆ ಎಳೆದಳು. ಬಟ್ಟಲಿನ ನೀರು ಅವನ ಬೂಟಿನ ಮೇಲೆ ಚೆಲ್ಲಿತು.

"ಕುಂಡ ನಿಮ್ಮದು," ಎಂದು ಬರಿದಾದ ಕುಂಡವನ್ನು ಅವನ ಕೈಗಿಟ್ಟಳು.

"ನಾಳೆಯಿಂದ ಬರಬೇಡ!"

"ಬರಲ್ಲ."

ಅವಳು ಬಾಗಿಲು ಹಾಕಿದಳು. ಹದಿನಾಲ್ಕು ವರ್ಷ ಎಂದು ನೆನೆದು ಸ್ವಲ್ಪ ಹೊತ್ತು ಅತ್ತಳು. ಮಗಳು ಅಡುಗೆಮನೆಯ ಅಗಲವಾದ ಪಾತ್ರೆಯನ್ನು ತಂದು ಪಟ್ಟೆ ಗಿಡದ ಮುಂದಿಟ್ಟಳು.

ಮುಂದೆ ಗಿಡದಕ್ಕ ತನ್ನ ಮನೆಯಿದ್ದ ಕಟ್ಟಡದಲ್ಲೇ ಮೆಟ್ಟಿಲು ಒರೆಸುವ ಕೆಲಸ ಹಿಡಿದಳು. ಹಿಂದಿನ ವರ್ಷಗಳಲ್ಲಿ ಬಿಡಿಸಿಟ್ಟ ಮರಿಗಳು ಅಷ್ಟರಲ್ಲಿ ಬಲಿತಿದ್ದವು. ಬಟ್ಟಲಿನ ನೀರು ಚೆಲ್ಲಿ, ಪಕ್ಕದಲ್ಲೊಂದು ಮಾಗಿದ ಸೇಬು ಇಟ್ಟು, ಪ್ಲಾಸ್ಟಿಕ್ ಚೀಲ ಹೊದಿಸಿ ಹತ್ತು ದಿನ ಕಟ್ಟಿಟ್ಟಳು. ಮಾಗಿದ ಹಣ್ಣಿನ ಗಾಳಿ ತಾಗಿದರೆ ಬಲಿತ ಗಿಡ ಹೂ ಬಿಡಲು ಹೊರಡುತ್ತದೆ. ಸೇಬು ಹಾಳು ಎಂದು ಮಗಳು ಬೈದಳು. ಮೂರು ತಿಂಗಳಿಗೆ ಬಚ್ಚಲ ಕಿಟಕಿ ಕೆಂಪಾಯಿತು.

ಆ ವಾರವೇ ರಿಸೆಪ್ಷನ್ನಿನವಳ ಫೋನು ಬಂತು. "ಅಕ್ಕಾ, ಮೂರು ತಿಂಗಳಿಂದ ಇಲ್ಲಿ ಬರೀ ಎಲೆ. ಕಂಟ್ರಾಕ್ಟರ್ ಆ ಹಳೇ ಗಿಡಗಳನ್ನೇ ತಂದಿಟ್ಟು ನಾಳೆ ಬಿಡುತ್ತೆ, ನಾಡಿದ್ದು ಬಿಡುತ್ತೆ ಅಂತಾನೇ ಇದ್ದಾರೆ. ಡಾಕ್ಟರ್‌ಗೆ ಸಾಕಾಗಿದೆ. ನಿಮ್ಮ ಹತ್ರ ಹೂವಿರೋದು ಇದ್ಯಾ?"

ಅವಳು ಎರಡನ್ನು ಪೇಂಟ್ ಡಬ್ಬಿಸಮೇತ ಕಂಕುಳಲ್ಲಿಟ್ಟು ಹೋದಳು. ಕ್ಲಿನಿಕ್ಕಿನ ಹಿಂಬಾಗಿಲಲ್ಲಿ ಕಂಟ್ರಾಕ್ಟರ್ ಅದೇ ತಾಯಿಗಿಡಗಳನ್ನು ಕಸದ ಡಬ್ಬಿಗೆ ತುಂಬುತ್ತಿದ್ದ. ಅವಳ ಕೈಯ ಕೆಂಪು ನೋಡಿ ಅವನ ಮುಖ ಸಪ್ಪೆಯಾಯಿತು.

ಅವಳು ಹೂಗಳನ್ನು ಕೆಳಗಿಟ್ಟು ಕಸದ ಡಬ್ಬಿಯೊಳಗೆ ಬಗ್ಗಿದಳು. ಬಾಡಿದ ಗಿಡವೊಂದರ ಬುಡದಲ್ಲಿ ಎರಡು ಹೊಸ ಮೊಳಕೆ ಇಣುಕುತ್ತಿದ್ದವು.

"ಸಾರ್, ಇವನ್ನ ಎಸೆದ್ರಾ?"

"ಕಾಣಲ್ವಾ?"

"ಕಾಣುತ್ತೆ. ಆದ್ರೂ ಬಾಯ್ಬಿಟ್ಟು ಹೇಳಿ. ಈ ಹುಡುಗೀನೂ ಕೇಳಿಸ್ಕೊಳ್ಳಲಿ."

ರಿಸೆಪ್ಷನ್ನಿನವಳು ಬಾಗಿಲಿಗೊರಗಿ ನಿಂತಳು. ಅವನು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ.

"ಎಸೆದೆ! ಏನೀಗ?"

"ಏನಿಲ್ಲ," ಎಂದು ಗಿಡದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೇ ಎತ್ತಿ, ಕುಂಡದಿಂದ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಸ್ಟಿಕ್ಕರಿದ್ದ ಕುಂಡಗಳನ್ನು ಅವನ ಕಾಲ ಬುಡದಲ್ಲಿ ಸಾಲಾಗಿ ಜೋಡಿಸಿಟ್ಟಳು.