ಒಳಗಿನಿಂದ ಹಾಕುವ ಚಿಲಕ

ಆಸ್ಪತ್ರೆಯ ಉದ್ದನೆಯ ಕಾರಿಡಾರ್ ಮುಗಿಯುವ ಕಡೆ, ಮುರಿದ ಮಂಚಗಳನ್ನು ತುಂಬಿಟ್ಟ ಕೋಣೆಯ ಪಕ್ಕ, ಇನ್ನೊಂದು ಕೋಣೆ. ಅದರ ಬಾಗಿಲು ಕಂಡರೆ ಸಾಕು, ಮಕ್ಕಳು ಅಳಲು ಶುರು. ಒಳಗೇನೂ ಹುಲಿ ಇರಲಿಲ್ಲ. ಫಿಸಿಯೋಥೆರಪಿ ಮಾಡುವ ಮೇಡಂ ಇದ್ದರು.

ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡ ಮಕ್ಕಳಿಗೆ ವ್ಯಾಯಾಮ ಮಾಡಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಚಾಪೆ, ಅದೇ ಚಿಕಿತ್ಸೆ: ಬಿಗಿದ ಕಾಲನ್ನು ಹಿಡಿದು ಎಳೆಯುವುದು. ಮೇಡಂ ಆ ಕಡೆ ಎಳೆದರೆ ಕಾಲು ಈ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಮಕ್ಕಳು ಅವರಿಗಿಟ್ಟ ಹೆಸರು ‘ಎಳೆಯೋ ಆಂಟಿ’.

ಹಾಗಂತ ಮೇಡಂ ಕೆಟ್ಟವರಲ್ಲ, ಮೈಗಳ್ಳರೂ ಅಲ್ಲ. ಜ್ವರ ಬಂದರೂ ರಜೆ ಹಾಕಿದವರಲ್ಲ. ಆದರೆ ಆ ಕೆಲಸ ಗೊತ್ತಿರುವ ಇನ್ನೊಂದು ಜೀವ ಆ ಕಟ್ಟಡದಲ್ಲಿ ಇರಲಿಲ್ಲ. ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಬೇಕೆಂದರೆ ಗೋಡೆಯನ್ನೇ ಕೇಳಬೇಕು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬರೇ ಉಣ್ಣುವುದು. ಎರಡು ಮಾತಾಡೋಣ ಎಂದರೂ ಯಾರೂ ಇಲ್ಲ. ಒಮ್ಮೊಮ್ಮೆ ಮಕ್ಕಳನ್ನು ಕೂರಿಸುವ ದೊಡ್ಡ ರಬ್ಬರ್ ಚೆಂಡಿಗೆ, “ಸರ್ಕೋ ಆಚೆ, ಎಷ್ಟು ಜಾಗ ಬೇಕು ನಿಂಗೆ?” ಎಂದು ಗದರಿ, ತಮ್ಮ ದನಿ ಕೇಳಿ ತಾವೇ ಬೆಚ್ಚುತ್ತಿದ್ದರು.

ಅಲ್ಲಿಗೆ ಬರುತ್ತಿದ್ದವರಲ್ಲಿ ಬಟ್ಟೆ ಹೊಲಿಯುವ ಒಬ್ಬ ತಾಯಿ. ಮಗಳಿಗೆ ಏಳು ವರ್ಷ. ಕಡ್ಡಿ ಮೈ, ಚುಚ್ಚುವ ಮಾತು. ಅದಕ್ಕೇ ಮನೆಯಲ್ಲಿ ಅವಳು ಗುಂಡುಸೂಜಿ. ಎರಡೂ ಕಾಲು ಬಿಗಿ, ಎಡಗೈ ಸೋಮಾರಿ. ವಾರಕ್ಕೆರಡು ಸಲ, ಎರಡು ಬಸ್ಸು ಬದಲಿಸಿ, ಮೂರು ವರ್ಷ ಬಂದರು. ಒಂದು ದಿನ ತಾಯಿ ಒಬ್ಬಳೇ ಬಂದಳು.

“ಗುಂಡುಸೂಜಿ ಎಲ್ಲಮ್ಮ?”

“ಕರ್ಕೊಂಡು ಬಂದಿಲ್ಲ ಮೇಡಂ. ಇನ್ಮೇಲೆ ಬರೋದೂ ಇಲ್ಲ. ಹೇಳದೆ ಬಿಡೋದು ಬೇಡ ಅಂತ ಬಂದೆ.”

“ಅಯ್ಯೋ, ಯಾಕೆ?”

“ಇವತ್ತು ಆಸ್ಪತ್ರೆ ಅಂದ್ರೆ ಸಾಕು, ತಿಂದಿದ್ದೆಲ್ಲ ಕಕ್ಕೊಳ್ತಾಳೆ. ಗೋಡೆ ಹಿಡ್ಕೊಂಡು ನಿಂತ್ಕೋತಾಳೆ, ನಿಜ. ಮೂರು ವರ್ಷದ ಹಿಂದೆಯೂ ಹಾಗೇ ನಿಂತ್ಕೋತಿದ್ಲು.”

“ಬಿಟ್ಟುಬಿಟ್ರೆ ಕಾಲು ಇನ್ನೂ ಬಿಗಿಯುತ್ತಮ್ಮ.”

“ಬಿಡದೆ ಬಂದ್ವಲ್ಲ ಮೇಡಂ, ಆಗ್ಲೂ ಬಿಗಿ ಬಿಡ್ಲಿಲ್ಲ.”

ಬೈದಿದ್ದರೆ ಮೇಡಂ ಎರಡು ಮಾತು ತಿರುಗಿ ಬೈಯುತ್ತಿದ್ದರು. ತಾಯಿ ಬೈಯಲಿಲ್ಲ. ಮಗುವಿನ ತಲೆಯಡಿ ಇಡುತ್ತಿದ್ದ ಪುಟ್ಟ ದಿಂಬನ್ನು ಮೂಲೆಯಿಂದ ಎತ್ತಿಕೊಂಡು, ಕೈಮುಗಿದು ಹೊರಟುಹೋದಳು.

ಮೇಡಂ ಮಗುವಿನ ಕಡತ ಬಿಚ್ಚಿದರು. ಪಾದ ಎಷ್ಟು ಬಾಗುತ್ತದೆ ಎಂದು ತಿಂಗಳಿಗೊಮ್ಮೆ ಬರೆದಿಟ್ಟಿದ್ದರು. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ದಿನ ಡಬ್ಬಿ ಬಿಚ್ಚಲಿಲ್ಲ. ಕಾಲೇಜಿನ ಹಳೆಯ ಗೆಳತಿಗೆ ಫೋನ್ ಮಾಡಿದರು. ಆಕೆ ಬೇರೆ ಊರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಅಂದರೆ ಉಣ್ಣುವುದು, ಉಡುವುದು, ಬರೆಯುವುದು ಇಂಥ ದಿನದ ಕೆಲಸಗಳನ್ನು ಮಕ್ಕಳಿಗೆ ರೂಢಿ ಮಾಡಿಸುವವಳು.

“ಏನೇ, ಬದುಕಿದ್ದೀಯಾ?”

“ಒಂದು ಮಗು ಚಿಕಿತ್ಸೆ ಬಿಟ್ಟು ಹೋಯ್ತು ಕಣೆ.”

“ಏನು ಮಾಡಿಸ್ತಿದ್ದೆ ಅದಕ್ಕೆ?”

“ಕಾಲು ಎಳೀತಿದ್ದೆ.”

“ಆಮೇಲೆ?”

“ಆಮೇಲೆ ಇನ್ನೊಂದು ಕಾಲು.”

“ದೇವರೇ! ಮುಂದಿನ ವಾರ ಇಲ್ಲಿ ಮೂರು ದಿನದ ತರಬೇತಿ ಇದೆ. ಮಕ್ಕಳ ಥೆರಪಿಯವರಿಗೇ ಅಂತ. ಬಾ.”

“ಈ ವಯಸ್ಸಲ್ಲಾ? ಮಗಳ ವಯಸ್ಸಿನವರ ಜೊತೆ ಬೆಂಚಲ್ಲಿ ಕೂರಲಾ? ನಾನೇನು ಓದಿಲ್ವಾ? ಪುಸ್ತಕ ಇನ್ನೂ ಕಪಾಟಲ್ಲೇ ಇದೆ.”

“ಅದನ್ನ ಈಗ ಗೆದ್ದಲು ಓದ್ತಿರತ್ತೆ. ಅದಕ್ಕಿರೋ ಶ್ರದ್ಧೆಯೂ ನಿಂಗಿಲ್ಲ.”

ಮೇಡಂಗೆ ಮೈ ಉರಿದುಹೋಯಿತು. ಉರಿದರೂ ಹೋದರು.

ಮೊದಲ ದಿನ ಕೊನೆಯ ಸಾಲಲ್ಲಿ ಒಬ್ಬರೇ ಕೂತರು. ಎರಡನೆಯ ದಿನ ಪಾಠ ಹೇಳುವವರು ಎಲ್ಲರನ್ನೂ ಜೋಡಿ ಮಾಡಿ, “ಒಬ್ಬರು ಮಲಗಿ. ಇನ್ನೊಬ್ಬರು ಏನೂ ಹೇಳದೆ ಅವರ ಕಾಲು ಎಳೀರಿ,” ಎಂದರು. ಮೇಡಂ ಮಲಗಿದರು. ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಕಾಲು ಅದು. ಗುರುತಿಲ್ಲದ ಕೈ ಬಿದ್ದ ಕೂಡಲೇ ತೊಡೆ ಕಲ್ಲಾಯಿತು.

“ಬಿಡಮ್ಮ, ಸಾಕು,” ಎಂದರು.

“ಮುಗೀತು ಮೇಡಂ, ಇನ್ನೊಂದೇ ನಿಮಿಷ, ಮುಗೀತು ಮುಗೀತು,” ಎಂದಳು ಎಳೆಯುತ್ತಿದ್ದವಳು.

ಇಪ್ಪತ್ತೆರಡು ವರ್ಷ ತಾವು ಮಕ್ಕಳಿಗೆ ಹೇಳಿದ್ದು ಇದೇ ಸುಳ್ಳು. ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿದ್ದ ಮೇಡಂ ಕಣ್ಣಿಂದ ನೀರು ಇಳಿದು ಕಿವಿಗೆ ಸೇರಿತು.

ಪಾಠ ಹೇಳುವವರು ಅಂದರು: “ಹೆದರಿದ ಕಾಲು ಇನ್ನೂ ಬಿಗಿಯತ್ತೆ. ಬರೀ ಎಳೆದು ಬಿಟ್ಟರೆ ಲಾಭ ತೀರಾ ಕಡಿಮೆ ಅಂತ ಈಗ ಗೊತ್ತಾಗಿದೆ. ಮಗು ತಾನೇ ಮಾಡಬೇಕು. ತನಗೆ ಬೇಕಾದ ಕೆಲಸವನ್ನ, ಮನೇಲಿ, ದಿನಾ ಮಾಡಬೇಕು. ನಿನಗೇನು ಮಾಡೋಕೆ ಆಸೆ ಅಂತ ಮಗೂನ ಕೇಳಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ.”

ಮೇಡಂ ಕೈ ಮೇಲೇಳಲಿಲ್ಲ.

ತರಬೇತಿ ಮುಗಿಸಿ ಬಂದವರೇ ನೆಟ್ಟಗೆ ಆ ತಾಯಿಯ ಮನೆಗೆ ಹೋದರು. ಗುಂಡುಸೂಜಿ ಅವರನ್ನು ಕಂಡದ್ದೇ ತಡ, ಹೊಲಿಗೆ ಯಂತ್ರದ ಕೆಳಗೆ ತೆವಳಿ ಮಾಯವಾದಳು.

“ಎಳೆಯೋಕೆ ಮನೆಗೂ ಬಂದ್ರಾ ಮೇಡಂ?” ಎಂದಳು ತಾಯಿ.

“ಮುಟ್ಟಲ್ಲಮ್ಮ. ಒಂದು ಮಾತು ಕೇಳಿ ಹೋಗ್ತೀನಿ.” ಮೇಡಂ ನೆಲದ ಮೇಲೆ ಕೂತರು. “ಗುಂಡುಸೂಜಿ, ನಿಂಗೇನಾದ್ರೂ ಮಾಡ್ಬೇಕು ಅಂತ ಆಸೆ ಇದ್ಯಾ?”

“ನೀವು ವಾಪಸ್ ಹೋಗ್ಬೇಕು.”

“ಹೋಗ್ತೀನಿ. ಅದು ನಾನು ಮಾಡೋದು. ನೀನು ಮಾಡೋದು ಹೇಳು.”

ಮೇಡಂ ಏಳದೆ, ನೆಲದ ಮೇಲಿನ ಬಟ್ಟೆ ಚೂರುಗಳನ್ನು ಒಂದೊಂದಾಗಿ ಆರಿಸಿಡುತ್ತ ಕೂತರು. ಆಮೇಲೆ ಕೆಳಗಿಂದ ಬಂತು ದನಿ: “ಚಿಲಕ ಹಾಕೋದು.”

“ಯಾವ ಚಿಲಕ ಕಂದ?”

“ಬಚ್ಚಲುಮನೇದು. ಒಳಗಿಂದ. ಅಮ್ಮ ಯಾವಾಗ್ಲೂ ಎದುರಿಗೇ ನಿಂತಿರ್ತಾಳೆ. ಬೇರೆ ಯಾರೂ ಹಾಗೆ ಹೋಗಲ್ಲ.”

ತಾಯಿಯ ಕೈಯ ಕತ್ತರಿ ಅರ್ಧಕ್ಕೇ ನಿಂತಿತು. “ಒಂದಿನಾನೂ ಹೇಳ್ಲಿಲ್ವಲ್ಲೇ!”

“ನೀನು ಕೇಳ್ಲಿಲ್ಲ.”

ತಾಯಿ ಮೇಡಂ ಕಡೆ ತಿರುಗಿದಳು. “ಚಿಲಕ ಹಾಕೋದೂ ಒಂದು ಚಿಕಿತ್ಸೆನಾ? ಒಳಗೆ ಬಿದ್ರೆ ಯಾರು ಗತಿ?”

“ಗೋಡೆಗೊಂದು ಕಂಬಿ ಹಾಕ್ಸೋಣ. ಎಡಗೈಲಿ ಅದನ್ನ ಹಿಡ್ಕೊಂಡು ನಿಲ್ಬೇಕು, ಬಲಗೈಲಿ ಚಿಲಕ ಸರಿಸ್ಬೇಕು. ಕಾಲಿಗೂ ಕೆಲಸ, ಸೋಮಾರಿ ಕೈಗೂ ಕೆಲಸ. ಹೊರಗಿಂದಾನೂ ತೆಗೆಯೋಕೆ ಬರೋ ಚಿಲಕ ಹಾಕ್ಸೋಣ. ನಂಗೂ ಇದು ಹೊಸದಮ್ಮ. ಗೊತ್ತಿರೋ ಗೆಳತಿ ಒಬ್ಬಳಿದ್ದಾಳೆ, ಫೋನಲ್ಲಿ ಅವಳನ್ನ ಕೇಳ್ಕೊಂಡೇ ಮಾಡೋಣ.”

ಮೇಡಂ ಬಾಯಲ್ಲಿ ‘ನಂಗೂ ಹೊಸದು’ ಎಂಬ ಮಾತು ತಾಯಿ ಕೇಳಿದ್ದು ಅದೇ ಮೊದಲು. ಯಾಕೋ ಅದರಿಂದಲೇ ಅವಳಿಗೆ ನಂಬಿಕೆ ಬಂತು.

ಕಂಬಿ ಎಷ್ಟು ಎತ್ತರದಲ್ಲಿರಬೇಕು ಎಂದು ಗೆಳತಿ ಹೇಳಿದಳು. ವಾರಕ್ಕೊಮ್ಮೆ ರಜೆಯ ದಿನ ಮೇಡಂ ಮನೆಗೇ ಬಂದು ಹೋಗುತ್ತಿದ್ದರು. ಮೊದಲು ಹಲಗೆಗೆ ಚಿಲಕ ಬಡಿದು ಕೂತೇ ಅಭ್ಯಾಸ, ಆಮೇಲೆ ನಿಂತು. ಮಂತ್ರಕ್ಕೆ ಮಾವಿನಕಾಯಿ ಉದುರಲಿಲ್ಲ. ಮೊದಲ ತಿಂಗಳು ಗುಂಡುಸೂಜಿ ಹಲಗೆಯನ್ನು ಎರಡು ಸಲ ಎಸೆದಳು. ಕಷ್ಟವಾದದ್ದು ತಾಯಿಗೆ, ಮಗಳು ತಡವರಿಸಿದಾಗಲೆಲ್ಲ ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. “ಕೈ ಕಟ್ಕೊಂಡು ಕೂತ್ಕೊಳಮ್ಮ, ಅದೇ ನಿನ್ನ ವ್ಯಾಯಾಮ,” ಎನ್ನುತ್ತಿದ್ದರು ಮೇಡಂ. ಪಾದ ನೆಟ್ಟಗಿರಲೆಂದು ವೈದ್ಯರು ಹೇಳಿದ ಕಾಲಿನ ಪಟ್ಟಿ ಕಟ್ಟುವುದನ್ನೂ ಬಿಡಲಿಲ್ಲ. ಪಾದದ ಬಿಗಿ ಪೂರಾ ಹೋಗಲೂ ಇಲ್ಲ.

ಐದನೆಯ ತಿಂಗಳು, ಒಂದು ಬೆಳಿಗ್ಗೆ, ಬಚ್ಚಲುಮನೆಯ ಒಳಗಿಂದ ‘ಟಕ್’ ಎಂದಿತು.

ತಾಯಿ, ಮೇಡಂ ಇಬ್ಬರೂ ಬಾಗಿಲಿಗೆ ಕಿವಿಯಿಟ್ಟು ಹೊರಗೆ ನಿಂತಿದ್ದರು.

“ಸೂಜಿ, ಸರಿಯಾಗಿದ್ದೀಯೇನೇ?” ಎಂದಳು ತಾಯಿ.

“ಇಬ್ರೂ ಆಚೆ ಹೋಗಿ! ಕಿವಿ ಇಟ್ಕೊಂಡು ನಿಲ್ಬೇಡಿ.”

ಇಬ್ಬರೂ ಹೋಗಿ ಮುಂಬಾಗಿಲ ಹೊಸ್ತಿಲ ಮೇಲೆ ಕೂತರು. ಮಾಡಲು ಏನೂ ಕೆಲಸವಿಲ್ಲದೆ ತಾಯಿ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಅಂದಳು: “ಸೋಮವಾರ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ ಮೇಡಂ. ಇನ್ನೊಂದು ಆಸೆ ಇದ್ಯಂತೆ.”

“ಏನಂತೆ?”

“ನಂಗೆ ಹೇಳಲ್ವಂತೆ. ನಿಮಗೇ ಹೇಳ್ಬೇಕಂತೆ.”

ಮಕ್ಕಳ ಥೆರಪಿ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ಒಂಟಿ ಕೋಣೆಯಲ್ಲಿ ಕೂತವರಿಗೆ ತಪ್ಪು ತೋರಿಸುವವರು ಇರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ತೋರಿಸುವವರನ್ನು ಹುಡುಕದೆ ಇರುವುದು ಮಾತ್ರ ನಿಮ್ಮದೇ ತಪ್ಪು. ವರ್ಷಕ್ಕೊಮ್ಮೆಯಾದರೂ ತರಬೇತಿಗೆ ಹೋಗಿ. ಹೋಗಲಾಗದಿದ್ದರೆ ಫೋನಿನಲ್ಲೇ ಪಾಠ ಕೇಳಿ, ನಿಮ್ಮಂತೆ ಒಂಟಿಯಾಗಿ ಕೂತ ಇನ್ನೊಬ್ಬರ ಜೊತೆ ಮಾತಾಡಿ. ಆಸ್ಪತ್ರೆ ನಡೆಸುವವರೇ, ಅವರಿಗೆ ಮೂರು ದಿನ ಬಿಡುವು ಕೊಡಿ. ಆಕಾಶವೇನೂ ಕಳಚಿ ಬೀಳುವುದಿಲ್ಲ. ತಂದೆತಾಯಂದಿರೇ, ಚಿಕಿತ್ಸೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. “ಈ ವರ್ಷ ಹೊಸದಾಗಿ ಏನು ಕಲಿತಿರಿ?” ಎಂದು ಥೆರಪಿ ಮಾಡುವವರನ್ನು ಕೇಳಿ. ಅವರಿಗೆ ಸಿಟ್ಟು ಬಂದರೆ ಬರಲಿ, ಇಳಿಯುತ್ತದೆ. ಆಮೇಲೆ ಇಬ್ಬರೂ ಸೇರಿ ಮಗುವಿನ ಎದುರು ನೆಲದ ಮೇಲೆ ಕೂತು, ಅದಕ್ಕೇನು ಬೇಕೆಂದು ಅದನ್ನೇ ಕೇಳಿ. ಉತ್ತರ ತಡವಾಗಿ ಬರಬಹುದು. ಎದ್ದು ಹೋಗಬೇಡಿ.